ಪೆಟ್ಟಿಗೆ ಮೇಷ್ಟ್ರೂ ಲ್ಯಾಪ್‌ಟಾಪೂ

ರಾಯದುರ್ಗ, ಮಡಕಶಿರಾ ಸೀಮೆಯ ಪೌರಾಣಿಕ ನಾಟಕಗಳನ್ನು ಕುರಿತು ಬರೆಯುವವರು ದುರ್ಯೋಧನನ ಕಂಠವನ್ನೂ ಕೃಷ್ಣನ ವೇಷವನ್ನೂ ಹೊಗಳಿ ಮುಗಿಸಿಬಿಡುತ್ತಾರೆ. ರಂಗದ ಮಗ್ಗುಲಲ್ಲಿ ರಾತ್ರಿಯಿಡೀ ಕೂತ ಹಾರ್ಮೋನಿಯಂ ಮೇಷ್ಟ್ರ ಕಡೆಗೆ ವಿಮರ್ಶೆಯ ಕಣ್ಣು ಹೊರಳುವುದು ಅಪರೂಪ. 1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಕಳಚಿ ಆಂಧ್ರಕ್ಕೆ ಸೇರಿತು. ಆದರೆ ಕನ್ನಡ ನಾಟಕಕ್ಕೂ ತೆಲುಗಿನ ಪದ್ಯನಾಟಕಕ್ಕೂ ಆಸರೆಯಾದದ್ದು ಅದೇ ಪೆಟ್ಟಿಗೆ. ಈಗ ಅದರ ಪಕ್ಕಕ್ಕೆ ಕೀಬೋರ್ಡು, ರಿದಂ ಪ್ಯಾಡು ಬಂದಿವೆ. ಮಡಕಶಿರಾ ಕಡೆಯ ಒಂದು ಊರಲ್ಲಿ ನಾನು ಲ್ಯಾಪ್‌ಟಾಪನ್ನೂ ಕಂಡೆ.

ಯಂತ್ರ ಬಂತೆಂಬ ಕಾರಣಕ್ಕೇ ಗೊಣಗುವುದು ನ್ಯಾಯವಲ್ಲ. ಹಾರ್ಮೋನಿಯಂ ಕೂಡ ಸಮುದ್ರ ದಾಟಿ ಬಂದದ್ದೇ. ಗಮಕ ನುಡಿಯದು, ಅದರ ಸ್ವರಗಳು ನಮ್ಮವಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಅಷ್ಟು ಕಾಲವೂ ನಮ್ಮ ಹಳ್ಳಿಗಳ ರಂಗದಲ್ಲಿ ಅದು ದೊರೆಯಾಗಿಯೇ ಇತ್ತು! ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಶಾಸ್ತ್ರೀಯ ವಿದ್ವಾಂಸರೇ ಪಕ್ಕದಲ್ಲಿಟ್ಟುಕೊಂಡು ಹಾಡಿದ್ದಾರೆ. ಮುಂಬೈಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಯಂತ್ರಗಳಿಂದ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದ್ದರು. ಅಂದು ಕೇಳಿದವರು ಕಡಿಮೆ. 2010ರಲ್ಲಿ ಅದು ಮರುಮುದ್ರಣವಾದ ಮೇಲೆ ಜಗತ್ತು ಬೆರಗಾಯಿತು.

ತೊಡಕಿರುವುದು ಬೇರೆಡೆ. ಪೌರಾಣಿಕ ನಾಟಕದ ಜೀವ ಪದ್ಯ. ಪದ್ಯಕ್ಕೆ ತಾಳದ ಕಟ್ಟಿಲ್ಲ. ನಟ ಕೊನೆಯ ಅಕ್ಷರವನ್ನು ಹಿಡಿದು ಉಸಿರಿರುವಷ್ಟು ರಾಗ ಎಳೆಯುತ್ತಾನೆ, ಜನ 'ಒನ್ಸ್‌ಮೋರ್' ಎಂದರೆ ಇನ್ನೊಮ್ಮೆ ಎಳೆಯುತ್ತಾನೆ. ಮೇಷ್ಟ್ರು ಅವನ ಬೆನ್ನಿಗೇ ಹೋಗಿ, ಅವನು ನಿಂತಲ್ಲಿ ನಿಂತು, ಶ್ರುತಿ ಜಾರಿದರೆ ಸ್ವರ ಒತ್ತಿ ಹಿಡಿದು ತಿದ್ದುತ್ತಾರೆ. ಕಾಸರಗೋಡಿನ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ವೇಷಧಾರಿಯ ಕಾಲು ನೋಡಿ ಭಾಗವತರು ಕಾಲ ಏರಿಸುವುದನ್ನು ಅವರು ಬಲ್ಲರು. ಮೊದಲೇ ಮುದ್ರಿಸಿಟ್ಟ ಟ್ರ್ಯಾಕಿಗೆ ಈ ಕಣ್ಣಿಲ್ಲ. ಗಾನಮೇಳದಲ್ಲಿ ಅದು ನಡೆದೀತು, ಅಲ್ಲಿ ಹಾಡಿನ ಅಳತೆ ಮೊದಲೇ ಗೊತ್ತು.

ನಾನು ಕಂಡ ಆಟದಲ್ಲಿ ಆದದ್ದೂ ಅದೇ. ದುರ್ಯೋಧನನ ಪಾತ್ರದ ಹಿರಿಯರು ಹಾಡಿನ ನಡುವೆ ಮಾತು ಮರೆತು ನಿಂತರು, ಟ್ರ್ಯಾಕು ನಿಲ್ಲಲಿಲ್ಲ. ಅವರು ಓಡಿಹೋಗಿ ಪಲ್ಲವಿ ಹಿಡಿಯುವಷ್ಟರಲ್ಲಿ ಚರಣ ಶುರುವಾಗಿತ್ತು. ಜನ ನಕ್ಕರು. ವರ್ಷವಿಡೀ ಹೊಲಗೆಲಸದ ನಡುವೆ ಪಾಠ ಕಲಿತವರ ಮೇಲೆ ಬಿದ್ದ ನಗು ಅದು, ನನಗೆ ನೋಡಲಾಗಲಿಲ್ಲ.

ಆದರೆ ಲ್ಯಾಪ್‌ಟಾಪಿಗೆ ಬೇರೆ ದಾರಿಯೂ ಇದೆ. 2001ರಲ್ಲಿ ಬಂದ ಏಬಲ್ಟನ್ ಲೈವ್‌ನಂಥ ತಂತ್ರಾಂಶದಲ್ಲಿ ಸಂಗೀತವನ್ನು ತುಣುಕುಗಳಾಗಿ ಇಟ್ಟುಕೊಂಡು ಬೇಕೆಂದಾಗ ಒತ್ತಬಹುದು, ನಿಲ್ಲಿಸಬಹುದು, ಶ್ರುತಿ ಕೆಡದಂತೆ ವೇಗ ತಗ್ಗಿಸಬಹುದು. ಆಗ ಅದು ವಾದ್ಯ. ಇಲ್ಲದಿದ್ದರೆ ಬೆಲೆ ಹೆಚ್ಚಿನ ಟೇಪ್‌ರೆಕಾರ್ಡರ್. ಇದನ್ನು ಕಲಿಯಲು ಮೇಷ್ಟ್ರು ಪಟ್ಟಷ್ಟೇ ಶ್ರಮ ಬೇಕು. ಬಾಡಿಗೆಗೆ ಬರುವ ಹುಡುಗರಿಗೆ ಅಷ್ಟು ಬಿಡುವನ್ನು ಯಾರೂ ಕೊಡುವುದಿಲ್ಲ. ತಾಲೀಮಿಗೆ ಅವರನ್ನು ಕರೆಯುವುದೇ ಇಲ್ಲ.

ಆ ರಾತ್ರಿ ಎರಡನೆಯ ಅಂಕದಲ್ಲಿ ಹುಡುಗ ಟ್ರ್ಯಾಕನ್ನು ಕೈಬಿಟ್ಟ. ಹಿರಿಯರು ಪದ್ಯ ಎತ್ತಿದಾಗ ಕೀಬೋರ್ಡಿನ ಒಂದೇ ಒಂದು ಮನೆ ಹಿಡಿದು, ಅವರ ಬಾಯನ್ನೇ ನೋಡುತ್ತ ಕೂತ. ಜನ ಒನ್ಸ್‌ಮೋರ್ ಕೂಗಿದರು.