ಗಾಳಿ ದಿಕ್ಕು ತಪ್ಪಬಾರದು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದದ್ದು ಮಂಗನ ಕಾಯಿಲೆಯ ವೈರಸ್. ಕಾಡಿನಲ್ಲಿ ಅದು ಹರಡಲು ಉಣುಗು ಕಚ್ಚಬೇಕು. ಪ್ರಯೋಗಾಲಯದಲ್ಲಿ ಉಣುಗಿನ ಹಂಗಿಲ್ಲದೆಯೂ ಸಿಬ್ಬಂದಿಗೆ ಅಂಟಿದ್ದುಂಟು. ಇಂಥ ವೈರಸ್‌ಗಳಿಗೆಂದೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಬಿಎಸ್‌ಎಲ್-4 ಎಂಬ ಅತ್ಯುನ್ನತ ಭದ್ರತೆಯ ಪ್ರಯೋಗಾಲಯವಿದೆ. ಈ ಬಗೆಯ ಕಟ್ಟಡಗಳಲ್ಲಿ ಜನರನ್ನು ಕಾಯುವ ಕೆಲಸದ ದೊಡ್ಡ ಪಾಲು ಗಾಳಿಯದು.

ಯಾವುದೇ ವೈದ್ಯಕೀಯ ಪ್ರಯೋಗಾಲಯಕ್ಕೆ ಹೋದರೂ ನಾನು ಮೊದಲು ನೋಡುವುದು ಬಾಗಿಲ ಅಡಿಯ ಸಂದಿಯನ್ನು. ಅಲ್ಲೊಂದು ಹೊಗೆಕಡ್ಡಿ ಹಿಡಿದರೆ ಹೊಗೆಯ ಎಳೆ ತಡವರಿಸದೆ ಒಳಕ್ಕೆ ನುಸುಳಬೇಕು. ಕೋಣೆಗೆ ಬಿಡುವ ಗಾಳಿಗಿಂತ ಹೊರಕ್ಕೆ ಎಳೆಯುವ ಗಾಳಿ ತುಸು ಹೆಚ್ಚಿದ್ದರೆ ಒಳಗಿನ ಒತ್ತಡ ತಗ್ಗುತ್ತದೆ. ಆಗ ಎಲ್ಲ ಸಂದಿಗಳಿಂದಲೂ ಗಾಳಿ ಒಳಗೇ ಬರುತ್ತದೆ. ಓಣಿಯಿಂದ ನಡುಕೋಣೆಗೆ, ನಡುಕೋಣೆಯಿಂದ ಒಳಕೋಣೆಗೆ ಒತ್ತಡ ಇಳಿಯುತ್ತ ಹೋಗಬೇಕು. ಸಾಮಾನ್ಯವಾಗಿ ಇಡುವ ಅಂತರ ಸುಮಾರು 12.5 ಪ್ಯಾಸ್ಕಲ್. ಅಷ್ಟು ಒತ್ತಡ ಕೊಳವೆಯಲ್ಲಿನ ನೀರನ್ನು ಏರಿಸುವುದು ಒಂದೂಕಾಲು ಮಿಲಿಮೀಟರ್ ಮಾತ್ರ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಗಲಿರುಳು ಕಾಯ್ದುಕೊಳ್ಳುವುದೇ ಈ ವಿದ್ಯೆಯ ಸೊಗಸು.

ಸುರಕ್ಷತಾ ಕ್ಯಾಬಿನೆಟ್ಟಿನ ಮುಂದೆ ಕೂತು ಕೆಲಸ ಮಾಡುವ ಸಂಶೋಧಕಿಯನ್ನು ಕಾಯುವುದೂ ಗಾಳಿಯ ಪರದೆಯೇ. ಅದು ಕ್ಯಾಬಿನೆಟ್ಟಿನ ಬಾಯೊಳಕ್ಕೆ ಸೆಕೆಂಡಿಗೆ ಅರ್ಧ ಮೀಟರಿನಷ್ಟು ವೇಗದಲ್ಲಿ ಹರಿಯುತ್ತಿರುತ್ತದೆ. ಅವರ ಬೆನ್ನ ಹಿಂದೆ ಯಾರಾದರೂ ಬಿರುಸಾಗಿ ನಡೆದುಹೋದರೆ, ಅಥವಾ ಚಾವಣಿಯಿಂದ ಎಸಿ ಗಾಳಿ ನೇರ ಅಲ್ಲಿಗೇ ಬಿದ್ದರೆ ಆ ಪರದೆ ಕದಡುತ್ತದೆ. ಫ್ಯಾನ್ ದೊಡ್ಡದು ಮಾಡಿ ಇದನ್ನು ಸರಿಪಡಿಸಲಾಗದು. ಬಾಗಿಲೆಲ್ಲಿ, ಓಡಾಟವೆಲ್ಲಿ, ಗಾಳಿ ಬಿಡುವ ಜಾಲರಿಯೆಲ್ಲಿ ಎಂದು ನಕ್ಷೆ ಬರೆಯುವಾಗಲೇ ವಾಸ್ತುಶಿಲ್ಪಿಯ ಜೊತೆ ಕೂತು ತೀರ್ಮಾನಿಸಬೇಕು.

ಎಳೆದ ಗಾಳಿ ಹೊರಗೆ ಹೋಗುವುದು ಹೆಪಾ ಫಿಲ್ಟರ್ ಹಾದು. ಅದು 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುತ್ತದೆ. ಅದಕ್ಕಿಂತ ಎಷ್ಟೋ ಚಿಕ್ಕದಾದ ವೈರಸ್ ತಪ್ಪಿಸಿಕೊಳ್ಳದೇ ಎಂದು ಹಲವರು ಕೇಳುತ್ತಾರೆ. ಫಿಲ್ಟರ್ ಜರಡಿಯ ಹಾಗೆ ಕೆಲಸ ಮಾಡುವುದಿಲ್ಲ. ದೊಡ್ಡ ಕಣಗಳು ತಿರುವಿನಲ್ಲಿ ಹೊರಳಲಾಗದೆ ನಾರಿಗೆ ಬಡಿಯುತ್ತವೆ. ತೀರಾ ಚಿಕ್ಕವು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅಡ್ಡಾದಿಡ್ಡಿ ಅಲೆಯುತ್ತ ನಾರಿಗೆ ಅಂಟುತ್ತವೆ. ಈ ಎರಡರ ನಡುವಿನ 0.3ರ ಆಸುಪಾಸಿನ ಕಣಗಳೇ ಹಿಡಿಯಲು ಕಷ್ಟ, ಅದಕ್ಕೇ ಪರೀಕ್ಷೆಗೆ ಆ ಗಾತ್ರ.

ಆದರೆ ಫಿಲ್ಟರ್ ಜಾಗದಲ್ಲಿ ಇದ್ದರೆ ತಾನೇ? 1979ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ದ್ಲೋವ್‌ಸ್ಕ್ ನಗರದ ಸೇನಾ ಘಟಕದಿಂದ ಆಂಥ್ರಾಕ್ಸ್ ಹೊರಬಿದ್ದು ಕನಿಷ್ಠ 66 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಗಾಳಿ ಬೀಸಿದ ದಿಕ್ಕಿನ ಕಿರಿದಾದ ಪಟ್ಟಿಯಲ್ಲಿದ್ದವರು. ಕಟ್ಟಿಕೊಂಡ ಫಿಲ್ಟರನ್ನು ತೆಗೆದವರು ಹೊಸದನ್ನು ಹಾಕಿರಲಿಲ್ಲ ಎಂದು, ಆ ದೇಶದ ಜೈವಿಕ ಅಸ್ತ್ರ ಕಾರ್ಯಕ್ರಮದಲ್ಲಿದ್ದ ಕೆನ್ ಅಲಿಬೆಕ್ ಮುಂದೆ ಬರೆದರು.

ಹಾಗಾಗಿ ಕೆಟ್ಟಾಗ ಏನಾಗುತ್ತದೆ ಎಂಬುದನ್ನು ನೋಡಿಯೇ ನಾನು ವಿನ್ಯಾಸಕ್ಕೆ ಬೆಲೆ ಕಟ್ಟುವುದು. ಗಾಳಿ ಎಳೆಯುವ ಫ್ಯಾನ್ ನಿಂತು ಬಿಡುವ ಫ್ಯಾನ್ ಓಡುತ್ತಲೇ ಇದ್ದರೆ ಕೋಣೆ ಉಬ್ಬಿ, ಬಾಗಿಲ ಸಂದಿಯ ಗಾಳಿ ಓಣಿಗೆ ತಿರುಗುತ್ತದೆ. ಅದಕ್ಕೇ ಎರಡನ್ನೂ ಒಂದಕ್ಕೊಂದು ಬಿಗಿದಿರಬೇಕು, ಎಳೆಯುವ ಫ್ಯಾನಿಗೆ ಜೋಡಿ ಇರಬೇಕು. ಕಟ್ಟಡ ಒಪ್ಪಿಸಿಕೊಳ್ಳುವ ಮುನ್ನ ಫ್ಯಾನನ್ನು ಬೇಕೆಂದೇ ನಿಲ್ಲಿಸಿ, ಕರೆಂಟ್ ತೆಗೆದು, ಒತ್ತಡದ ಮುಳ್ಳು ಎತ್ತ ವಾಲುತ್ತದೆಂದು ನೋಡಬೇಕು. ಇನ್ನೊಂದು ಮಾತು: ಫಿಲ್ಟರ್ ಬದಲಿಸುವ ತಂತ್ರಜ್ಞನಿಗೆ ನೆಟ್ಟಗೆ ನಿಂತು ಕೆಲಸ ಮಾಡುವಷ್ಟು ಜಾಗವನ್ನು ನಕ್ಷೆಯಲ್ಲೇ ಬಿಡಿ. ಜಾಗ ಇಕ್ಕಟ್ಟಾದಷ್ಟೂ ಆ ಕೆಲಸ ಮುಂದಕ್ಕೆ ಹೋಗುತ್ತದೆ.