ದೃಷ್ಟಾಂತ ಎಲ್ಲಿ ನಿಲ್ಲಬೇಕು?

ಕಥೆ ಮಕ್ಕಳಿಗೆ, ಅನುಭಾವ ಭಕ್ತರಿಗೆ, ತರ್ಕ ಪಂಡಿತರಿಗೆ ಎಂದು ನಾವು ಹಂಚಿಬಿಟ್ಟಿದ್ದೇವೆ. ಈ ಹಂಚಿಕೆ ಸರಿಯಲ್ಲ. ಕಂಡದ್ದರಿಂದ ಕಾಣದ್ದನ್ನು ಊಹಿಸುವುದೇ ತರ್ಕದ ಮೊದಲ ಹೆಜ್ಜೆ. ಹೊಗೆಯಾಡುವ ಬೆಟ್ಟದಲ್ಲಿ ಬೆಂಕಿಯಿದೆ ಎನ್ನಲು ನ್ಯಾಯಶಾಸ್ತ್ರ ಕೊಡುವ ಉದಾಹರಣೆ ಅಡುಗೆಮನೆಯದು. ಇಸ್ಲಾಮಿ ಧರ್ಮಶಾಸ್ತ್ರದ 'ಕಿಯಾಸ್' ಕೂಡ ಹೋಲಿಕೆಯಿಂದ ತೀರ್ಮಾನಕ್ಕೆ ಬರುವ ದಾರಿಯೇ. ಆದರೆ ಅದಕ್ಕೊಂದು ಕಟ್ಟಳೆಯಿದೆ: ಎರಡು ಪ್ರಕರಣಗಳಿಗೂ ಒಂದೇ ಕಾರಣ ಇರಬೇಕು.

ಪಂಚತಂತ್ರವನ್ನೇ ನೋಡಿ. 11ನೇ ಶತಮಾನದಲ್ಲಿ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದ. ಅದಕ್ಕೂ ಮುಂಚೆ, 8ನೇ ಶತಮಾನದಲ್ಲಿ, ಇಬ್ನ್ ಅಲ್ ಮುಕಫ್ಫಾ ಆ ಕಥೆಗಳನ್ನು ಪಹ್ಲವಿಯಿಂದ ಅರಬಿಗೆ ತಂದು 'ಕಲೀಲ ವ ದಿಮ್ನ' ರಚಿಸಿದ್ದ. ಸಿಂಹ ಮತ್ತು ಎತ್ತಿನ ಸ್ನೇಹವನ್ನು ನರಿ ಮುರಿಯುವುದು ಬರೀ ಸುಳ್ಳಿನಿಂದಲ್ಲ, ಒಂದರ ಹಿಂದೊಂದು ಪೋಣಿಸಿದ ದೃಷ್ಟಾಂತಗಳಿಂದ. ಸಂಸ್ಕೃತ ಕಥೆಯಲ್ಲಿ ದಮನಕನಿಗೆ ಶಿಕ್ಷೆಯಿಲ್ಲ. ಅರಬಿ ಕೃತಿಯಲ್ಲಿ ಸೇರಿದ ಅಧ್ಯಾಯವೊಂದರಲ್ಲಿ ಅವನ ವಿಚಾರಣೆ ನಡೆಯುತ್ತದೆ. ವಾದದಲ್ಲಿ ಎಲ್ಲರ ಬಾಯಿ ಮುಚ್ಚಿಸುವ ದಿಮ್ನ ಕೊನೆಗೆ ಸೋಲುವುದು ಇಬ್ಬರು ಸಾಕ್ಷಿಗಳ ಮುಂದೆ. ಮಾತಿನ ಜಾಣತನ ಬೇರೆ, ಪುರಾವೆ ಬೇರೆ ಎಂಬ ವಿವೇಕ ಇದು.

ನಮ್ಮ ರಾಯಚೂರು ಸೀಮೆಯ ಅನುಭಾವಿಗಳೂ ಈ ವಿವೇಕ ಬಲ್ಲವರು. 18ನೇ ಶತಮಾನದಲ್ಲಿ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಅವರ ಶಿಷ್ಯರಾದ ಮಾನ್ವಿ ಭಾಗದ ಬ್ಯಾಗವಾಟದ ಜಗನ್ನಾಥದಾಸರು ಇದ್ದರು. ಸಂಸ್ಕೃತ ಪಂಡಿತರಾಗಿದ್ದ ಜಗನ್ನಾಥದಾಸರು ಮಾಧ್ವ ಸಿದ್ಧಾಂತವನ್ನು 'ಹರಿಕಥಾಮೃತಸಾರ'ದಲ್ಲಿ ಭಾಮಿನಿ ಷಟ್ಪದಿಗೆ ಇಳಿಸಿ ಜನರಿಗೆ ಹಾಡಲು ಕೊಟ್ಟರು. ಜೀವ ದೇವರ ಪ್ರತಿಬಿಂಬ ಎನ್ನುತ್ತದೆ ಆ ಸಿದ್ಧಾಂತ. ಹಾಗಾದರೆ ಕನ್ನಡಿ ಒಡೆದರೆ ಜೀವವೂ ಅಳಿಯುತ್ತದೆಯೇ? ಇಲ್ಲ. ಪ್ರತಿಬಿಂಬ ಎಂದರೆ ದೇವರಿಗೆ ಅಧೀನ, ಕೊಂಚಮಟ್ಟಿಗೆ ಸದೃಶ ಎಂದಷ್ಟೇ ಎಂದು ಆ ಪರಂಪರೆಯೇ ಗೆರೆ ಎಳೆಯುತ್ತದೆ. ಬಿಜಾಪುರದ ಸೂಫಿ ಪರಂಪರೆಯ ದಖನಿ ಚಕ್ಕಿನಾಮಾಗಳಲ್ಲಿ ಬೀಸುಕಲ್ಲಿನ ಗೂಟ ಅಲಿಫ್ ಅಕ್ಷರವಾಗಿ ಅಲ್ಲಾಹನನ್ನು ನೆನಪಿಸುತ್ತದೆ. ಗೂಟವೇ ದೇವರಲ್ಲ ಎಂಬುದು ಜೋಳ ಬೀಸುವ ತಾಯಿಗೂ ಗೊತ್ತು.

ಇಂದು ನಾವು ಕಳೆದುಕೊಳ್ಳುತ್ತಿರುವುದು ಈ ಗೆರೆಯನ್ನೇ. ವೇದಿಕೆಯ ಭಾಷಣದಲ್ಲಿ, ಮೊಬೈಲಿನ ಸಂದೇಶದಲ್ಲಿ ಒಂದಿಡೀ ಸಮುದಾಯವನ್ನು ಹಾವಿಗೆ ಹೋಲಿಸಲಾಗುತ್ತದೆ. ಹಾವಿಗೆ ಹಾಲೆರೆದವನ ಕಥೆ ಹೇಳಿ, ಅದನ್ನೇ ಸಾಕ್ಷಿ ಎಂದು ಒಪ್ಪಿಸಲಾಗುತ್ತದೆ. ಹಾವಿಗೂ ನೆರೆಮನೆಯವನಿಗೂ ಸಮಾನ ಕಾರಣ ಯಾವುದು ಎಂದು ಕೇಳುವವರಿಲ್ಲ. ನಮ್ಮವರ ಪ್ರವಚನಗಳೂ ಈ ದೋಷದಿಂದ ಮುಕ್ತವಲ್ಲ. ಪರರನ್ನು ಹಳಿಯಲು ಅಲ್ಲಿಯೂ ಸಿದ್ಧ ಉಪಮೆಗಳಿವೆ.

ಆದ್ದರಿಂದ ಮಕ್ಕಳಿಗೆ ಪಂಚತಂತ್ರ ಓದಿಸುವಾಗ 'ನೀತಿ ಏನು?' ಎಂಬ ಒಂದು ಸಾಲಿಗೆ ತೃಪ್ತರಾಗುವುದು ಬೇಡ. ನರಿ ಕೊಟ್ಟ ಉದಾಹರಣೆ ಎತ್ತಿಗೆ ನಿಜವಾಗಿಯೂ ಹೊಂದುತ್ತದೆಯೇ ಎಂದು ಮೊದಲು ಕೇಳೋಣ.