ಮುಂಭಾಗವೇ ಪರಂಪರೆಯಲ್ಲ

ಮುಂಬಯಿಯ ಪರಂಪರೆ ಎಂದಕೂಡಲೇ ಎಲ್ಲರೂ ಫೋರ್ಟ್‌ನತ್ತ ಬೆರಳು ತೋರಿಸುತ್ತಾರೆ. ತೋರಿಸಲಿ. 1995ರಲ್ಲಿ ದೇಶದಲ್ಲೇ ಮೊದಲು ನಗರಮಟ್ಟದ ಪಾರಂಪರಿಕ ನಿಯಮಾವಳಿ ತಂದ ಊರಿದು. ಅದಿಲ್ಲದೆ ಹೋಗಿದ್ದರೆ ಹಾರ್ನಿಮನ್ ಸರ್ಕಲ್ ಈ ಹೊತ್ತಿಗೆ ಗಾಜಿನ ಕಟ್ಟಡಗಳ ಪಾಲಾಗಿರುತ್ತಿತ್ತು. 2018ರಲ್ಲಿ ಓವಲ್ ಮೈದಾನದ ಇಕ್ಕೆಲದ ಗೋಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳಿಗೆ ಯುನೆಸ್ಕೊ ಮನ್ನಣೆ ಸಿಕ್ಕಿತು. ಆ ಪಟ್ಟಿಯ ಒಂದೇ ಒಂದು ಕಟ್ಟಡದ ಮೇಲೂ ನನಗೆ ತಕರಾರಿಲ್ಲ. ತಕರಾರಿರುವುದು ಪಟ್ಟಿ ಮಾಡಿದವರ ನೋಟದ ಮೇಲೆ. ರಸ್ತೆಯ ಆಚೆ ಬದಿಗೆ ನಿಂತು ಕಮಾನು, ಗೋಪುರ, ಬಾಲ್ಕನಿಯ ತಿರುವು ನೋಡಿ ಅವರು ಗ್ರೇಡು ಕೊಡುತ್ತಾರೆ. ಮೆಟ್ಟಿಲು ಹತ್ತಿ ಒಳಗೆ ಹೋಗುವುದು ಕಡಿಮೆ.

ಈ ನೋಟದ ಮಿತಿ ಫೋರ್ಟ್‌ನಲ್ಲೇ ಕಾಣಸಿಗುತ್ತದೆ. ಕಾಲಾ ಘೋಡಾದ ವಾಟ್ಸನ್ಸ್ ಹೋಟೆಲ್ 1869ರದ್ದು. ಅದರ ಎರಕದ ಕಬ್ಬಿಣದ ಚೌಕಟ್ಟು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂತು. 1896ರಲ್ಲಿ ಲ್ಯುಮಿಯೇರ್ ಸಹೋದರರ ಚಲನಚಿತ್ರಗಳ ಪ್ರದರ್ಶನ ನಡೆದದ್ದು ಇಲ್ಲೇ. ಮುಂದೆ ಎಸ್‌ಪ್ಲನೇಡ್ ಮ್ಯಾನ್ಶನ್ ಎಂಬ ಹೆಸರಿನಲ್ಲಿ ಅದು ಖೋಲಿ ಖೋಲಿಯಾಗಿ ಒಡೆದು, ಹೆಚ್ಚುಕಡಿಮೆ ಚಾಳೇ ಆಯಿತು. ಗ್ರೇಡ್ 2-ಎ ಇತ್ತು. ಆದರೂ 2005ರಲ್ಲಿ ಒಂದು ಭಾಗ ಕುಸಿಯಿತು, 2019ರಲ್ಲಿ ಬಾಡಿಗೆದಾರರನ್ನು ಹೊರಗೆ ಕಳಿಸಬೇಕಾಯಿತು. ಕೆಡವಬಾರದು ಎಂದು ಗ್ರೇಡು ಹೇಳುತ್ತದೆ, ದುರಸ್ತಿಯ ಖರ್ಚು ಯಾರದು ಎಂದು ಹೇಳುವುದಿಲ್ಲ. ಬಾಡಿಗೆ ಕಾಯ್ದೆಯಿಂದಾಗಿ 1940ರ ದರಕ್ಕೆ ಅಂಟಿಕೊಂಡ ಬಾಡಿಗೆಯಲ್ಲಿ ಮಾಲೀಕ ಸುಣ್ಣವನ್ನೂ ಬಳಿಸಲಾರ. ಪಾಗಡಿ ಎಂದು ಮುಂಗಡದ ಗಂಟು ಕೊಟ್ಟು ಬಂದ ಬಾಡಿಗೆದಾರ ಬಿಟ್ಟು ಹೋಗಲಾರ. ಚಾಳಿನವರು ಹೆರಿಟೇಜ್ ಎಂಬ ಮಾತು ಕೇಳಿದರೇ ಹೆದರುವುದಕ್ಕೆ ಅವರ ಅಭಿರುಚಿಯನ್ನು ದೂರಿ ಫಲವಿಲ್ಲ.

ಚಾಳಿನ ಬಗ್ಗೆ ಎರಡು ಸಿದ್ಧ ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಅದು ಬಡತನದ ಗೂಡು, ಕೆಡವಿ ಗಗನಚುಂಬಿ ಕಟ್ಟುವುದೇ ನ್ಯಾಯ ಎಂಬುದು ಒಂದು. ಕಟ್ಟಡ ಹೋದರೆ ಹೋಗಲಿ, ಚಾಳ್ ಸಂಸ್ಕೃತಿ ದೊಡ್ಡದು ಎಂಬುದು ಇನ್ನೊಂದು. ಈ ಎರಡನೆಯ ಹಾಡನ್ನು ನಾವು ಮುಂಬಯಿ ಕನ್ನಡಿಗರೂ ಚೆನ್ನಾಗಿ ಹಾಡುತ್ತೇವೆ. ಫೋರ್ಟ್‌ನ ಉಡುಪಿ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಕೊನೆಗೆ ಚಾಳಿನ ಖೋಲಿಯಲ್ಲಿ ಸಂಸಾರ ಹೂಡಿದ ಕರಾವಳಿಯ ತಲೆಮಾರುಗಳ ನೆನಪಿನಲ್ಲಿ ಸದಾ ತೆರೆದ ಬಾಗಿಲೊಂದು ಇದ್ದೇ ಇರುತ್ತದೆ. ಅದನ್ನು ಉದಾರತೆಯ ಗುರುತೆಂದು ಕೊಂಡಾಡುತ್ತೇವೆ. ಗಾಳಿ ಬೇಕಿದ್ದರೆ ಆ ಬಾಗಿಲು ತೆರೆಯಲೇಬೇಕಿತ್ತು! ನೆರೆಹೊರೆಯನ್ನು ಕಟ್ಟಿದ್ದು ಜನರ ಒಳ್ಳೆಯತನವಷ್ಟೇ ಅಲ್ಲ, ಕಟ್ಟಡದ ಪ್ಲಾನ್ ಕೂಡ. ಗಿರ್ಗಾಂವ್‌ನಲ್ಲಿ ತೆರೆದ ಗ್ಯಾಲರಿ, ವರ್ಲಿಯಲ್ಲಿ ನಡುವಿನ ಓಣಿ. ಪ್ಲಾನ್ ಅಳಿಸಿ ಸಂಸ್ಕೃತಿ ಉಳಿಸುತ್ತೇವೆ ಎನ್ನುವುದು ವಾಸ್ತುವಿನ ಬಗೆಗಿನ ಅಜ್ಞಾನ.

ವರ್ಲಿ, ನಾಯ್‌ಗಾಂವ್, ಎನ್.ಎಂ. ಜೋಶಿ ಮಾರ್ಗ ಮತ್ತು ಶಿವ್ಡಿಯ ಬಿಡಿಡಿ ಚಾಳುಗಳನ್ನೇ ನೋಡಿ. ಗವರ್ನರ್ ಜಾರ್ಜ್ ಲಾಯ್ಡ್ 1920ರಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ತೆರೆದು, ಕಾರ್ಮಿಕರಿಗೆ 50,000 ಖೋಲಿಗಳನ್ನು ಕಟ್ಟುವ ಮಾತಾಡಿದ. ಹಣಕ್ಕೆಂದು ಊರೊಳಗೆ ಬರುವ ಪ್ರತಿ ಹತ್ತಿ ಬೇಲಿನ ಮೇಲೆ ಒಂದು ರೂಪಾಯಿ ತೆರಿಗೆ ಹಾಕಲಾಯಿತು. ಕೊನೆಗೆ ಎದ್ದದ್ದು 207 ಕಟ್ಟಡ. ಒಂದೊಂದರಲ್ಲಿ ನೆಲ ಸೇರಿ ನಾಲ್ಕು ಅಂತಸ್ತು, 80 ಖೋಲಿ, ಖೋಲಿಗೆ 160 ಚದರಡಿ. ಬ್ಯಾಕ್‌ಬೇ ಸಮುದ್ರ ತುಂಬುವ ಕೆಲಸಕ್ಕೆ ಕೈಹಾಕಿದ್ದೂ ಇದೇ ಇಲಾಖೆ. ವಕೀಲ ಕೆ.ಎಫ್. ನರಿಮನ್ ಅದರ ದುಂದನ್ನು ಬಯಲಿಗೆಳೆದ ಕಥೆ ಓದುಗರಿಗೆ ಗೊತ್ತು. ಗೊತ್ತಿದ್ದೂ ನಾವು ಜೋಡಿಸಿ ನೋಡದ ಸಂಗತಿ ಎಂದರೆ, ಹಾಗೆ ತುಂಬಿದ ನೆಲದ ಮೇಲೆ 1930ರ ದಶಕದಲ್ಲಿ ಎದ್ದ ಆರ್ಟ್ ಡೆಕೊ ಇವತ್ತು ವಿಶ್ವ ಪರಂಪರೆ. ಅದೇ ಇಲಾಖೆ ಕಾರ್ಮಿಕರಿಗೆಂದು ಕಾಂಕ್ರೀಟಿನಲ್ಲಿ ಕಟ್ಟಿದ್ದು ಮಾತ್ರ ಬುಲ್‌ಡೋಜರಿನ ಪಾಲು.

ಆ ಚಾಳುಗಳು ಕೆಟ್ಟ ಕಟ್ಟಡಗಳು ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಕತ್ತಲು, ಸಾಮೂಹಿಕ ಶೌಚಾಲಯ, ಖೋಲಿಯ ಮೂಲೆಯ ಮೋರಿಯಲ್ಲೇ ಸ್ನಾನ ಮತ್ತು ಪಾತ್ರೆ. ಮೊದಮೊದಲು ಕಾರ್ಮಿಕರೇ ಬರಲೊಪ್ಪದೆ ಎಷ್ಟೋ ಖೋಲಿಗಳು ಖಾಲಿ ಬಿದ್ದಿದ್ದವು. ಸತ್ಯಾಗ್ರಹದ ಕಾಲದಲ್ಲಿ ಸರ್ಕಾರ ವರ್ಲಿಯ ಚಾಳುಗಳನ್ನು ಜೈಲಾಗಿ ಬಳಸಿತು. 2025ರ ಆಗಸ್ಟಿನಲ್ಲಿ ವರ್ಲಿಯ 556 ಕುಟುಂಬಗಳಿಗೆ 500 ಚದರಡಿಯ ಹೊಸ ಮನೆಯ ಕೀಲಿಕೈ ಸಿಕ್ಕಿತು. ನೂರು ವರ್ಷ ಕಾದವರ ಆ ಸಂತೋಷದ ಎದುರು ಪರಂಪರೆಯ ಉಪನ್ಯಾಸ ಬಿಗಿಯುವುದು ಅಸಭ್ಯತೆ. ಆದರೆ ಬದುಕಲು ಕಷ್ಟವಾದ ಕಟ್ಟಡ ಎಂದರೆ ಉಳಿಸಲು ಯೋಗ್ಯವಲ್ಲದ ಕಟ್ಟಡ ಎಂದು ಅರ್ಥವೇ? ಹಾಗಿದ್ದರೆ ಇಂಗ್ಲೆಂಡಿನಲ್ಲಿ ಟೈಟಸ್ ಸಾಲ್ಟ್ ತನ್ನ ಗಿರಣಿಯ ಕೆಲಸಗಾರರಿಗೆ ಕಟ್ಟಿಸಿದ ಸಾಲ್ಟೇರಿನ ಸಾಲುಮನೆಗಳು 2001ರಲ್ಲಿ ಯುನೆಸ್ಕೊ ಪಟ್ಟಿ ಸೇರುತ್ತಿರಲಿಲ್ಲ. ಬರ್ಲಿನ್‌ನಲ್ಲಿ 1913ರಿಂದ 1934ರ ನಡುವೆ ಕಡಿಮೆ ಆದಾಯದವರಿಗೆಂದು ಕಟ್ಟಿದ ಆರು ವಸತಿ ಬಡಾವಣೆಗಳು 2008ರಲ್ಲಿ ಅದೇ ಪಟ್ಟಿಗೆ ಸೇರಿದವು. ನಮ್ಮ ಬಿಡಿಡಿಯ ಓರಗೆಯವು ಅವು, ವಿನ್ಯಾಸದಲ್ಲಿ ಎಷ್ಟೋ ಮೇಲು, ನಿಜ. ಸಾಲ್ಟೇರ್, ಬರ್ಲಿನ್ ಎರಡೂ ಕಡೆ ಜನ ಇವತ್ತಿಗೂ ಸಂಸಾರ ಮಾಡಿಕೊಂಡಿದ್ದಾರೆ.

ಹಾಗಾದರೆ ಏನು ಮಾಡಬೇಕಿತ್ತು ಎಂದು ಕೇಳುವವರಿಗೆ ಲೆಕ್ಕವನ್ನೇ ಕೊಡುತ್ತೇನೆ. ಮೂರು ಖೋಲಿ ಕೂಡಿಸಿದರೆ 480 ಚದರಡಿ, ರಾಜ್ಯದ ವಸತಿ ಸಂಸ್ಥೆ ಮ್ಹಾಡಾ ಕೊಡುವ ಮನೆಗಿಂತ 20 ಚದರಡಿ ಕಡಿಮೆ. ಹಾಗೆ ಕೂಡಿಸಿ, ಒಳಗೇ ಶೌಚಾಲಯ ಮಾಡಿ ಕೆಲವು ಕಟ್ಟಡಗಳನ್ನು ಉಳಿಸಿಕೊಳ್ಳಬಹುದಿತ್ತು. ಅಲ್ಲಿ ಜಾಗ ಸಾಲದವರಿಗೆ ಉಳಿದ ನೆಲದ ಗೋಪುರಗಳಲ್ಲಿ ಮನೆ. ವರ್ಲಿಯಲ್ಲಿ ಇರುವುದು ಸುಮಾರು 60 ಎಕರೆ, ಅದೂ ಸರ್ಕಾರದ್ದೇ ನೆಲ. ಎಂಜಿನಿಯರಿಂಗ್ ದೃಷ್ಟಿಯಿಂದ ಕಷ್ಟ ಎಂಬ ಮಾತು ಬರುತ್ತದೆ, ಅದು ಪರೀಕ್ಷೆಯಿಂದ ತೀರ್ಮಾನವಾಗಬೇಕಾದ ವಿಷಯ. ಒಂದು ಖೋಲಿಯನ್ನು ಮ್ಯೂಸಿಯಂ ಮಾಡಿದರೆ ಸಾಲದೇ ಎನ್ನುವವರಿಗೆ ನನ್ನ ಉತ್ತರ: ಸಾಲದು. ಜನ ವಾಸವಿಲ್ಲದ ಚಾಳು ಸಿನಿಮಾ ಸೆಟ್ಟು.

ಶಿವ್ಡಿಯ 12 ಕಟ್ಟಡಗಳು ಬಂದರಿನ ನೆಲದಲ್ಲಿವೆ. ಅದು ಕೇಂದ್ರದ ಸ್ವತ್ತು. ಹಾಗಾಗಿ ಮಿಕ್ಕ ಮೂರು ಕಡೆ ಕೆಲಸ ಶುರುವಾದಾಗಲೂ ಅವು ಯೋಜನೆಯಿಂದ ಹೊರಗುಳಿದವು. ಅಲ್ಲಿಯ ನಕ್ಷೆ ತಯಾರಾಗುವ ಮೊದಲೇ ಪಾರಂಪರಿಕ ಸಮಿತಿ ಫೋರ್ಟ್‌ನಿಂದ ಒಮ್ಮೆ ಹಾರ್ಬರ್ ಲೈನಿನ ಗಾಡಿ ಹತ್ತಬೇಕು. ನಿವಾಸಿಗಳ ಜೊತೆ ಕೂತು, ದುರಸ್ತಿಗೆ ಹಣ ಎಲ್ಲಿಂದ ಎಂಬುದನ್ನು ಬರೆದಿಟ್ಟು, ಎರಡು ಕಟ್ಟಡಗಳಿಗಾದರೂ ಗ್ರೇಡು ಕೊಡಲಿ.